ದೊಡ್ಡ ಹುಣಸಿ ಗಿಡಕ್ಕ ನೆಟ್‌ನ್ಯಾಗ ಏನಂತಾರ?

ಹೋದ ವರ್ಷ ಜುಲೈ ಕಡೀ ವಾರ. ಹೊರಗ ಜಿಟಿಜಿಟಿ ಮಳಿ, ನಾನು ಆಫೀಸಿಂದ ಬಂದು ಇನ್ನೂ ಛತ್ರಿ ಮಡಚಿದ್ದಿಲ್ಲ, ಮಗಳು ಬಾಗಲದಾಗ ನಿಂತು "ಮಮ್ಮಿ, ನಾಡಿದ್ದ ಪ್ರಾಜೆಕ್ಟ್ ಕೊಡಬೇಕು" ಅಂದ್ಲು. ನಾಕನೇತ್ತಾ, ಕನ್ನಡ ಮೀಡಿಯಂ, ಪರಿಸರ ಅಧ್ಯಯನದ ಪ್ರಾಜೆಕ್ಟ್. ನೋಟ್‌ಬುಕ್ಕಿನ ಹಿಂದಿನ ಪಾನದಾಗ ಬರ್ಕೊಂಡು ಬಂದಿದ್ಲು, ನಿಮಗೆ ಗೊತ್ತಿರುವ ಒಂದು ವಿಶೇಷ ಮರದ ಬಗ್ಗೆ ಮಾಹಿತಿ ಸಂಗ್ರಹಿಸಿ ಅಂತ. ಯಾವ ಗಿಡ ಮಾಡ್ತೀ ಅಂತ ಕೇಳಿದ್ರ ಒಂದು ಸೆಕೆಂಡೂ ವಿಚಾರ ಮಾಡಲಿಲ್ಲ, "ಆಯಿ ಊರಾಗಿಂದು, ದೊಡ್ಡ ಹುಣಸಿ ಗಿಡ."

ಆಯಿ ಅಂದ್ರ ನಮ್ಮವ್ವ. ನನ್ನ ತವರುಮನಿ ಸವಣೂರು, ಹಾವೇರಿ ಜಿಲ್ಲಾ. ಅಲ್ಲಿ ದೊಡ್ಡಹುಣಸಿ ಮಠದಾಗ ಆನಿ ಗಾತ್ರದ ಮೂರು ಗಿಡ ಅದಾವ, ಸಣ್ಣಾಕಿ ಇದ್ದಾಗ ನಾವು ಸೂಟ್ಯಾಗ ಅವುಗಳ ಬುಡಕ್ಕ ಆಡಿದವ್ರು, ನಮಗ ಅದರಾಗ ವಿಶೇಷ ಏನೂ ಅನ್ನಿಸ್ತಿದ್ದಿಲ್ಲ, ಗಿಡ ಅಂದ್ರ ಅಷ್ಟು ದಪ್ಪ ಇರಬೌದು ಅಂತ ತಿಳ್ಕೊಂಡಿದ್ವಿ.

ನಮ್ಮ ಓಣ್ಯಾಗ ಪ್ರಾಜೆಕ್ಟ್ ಅಂದ್ರ ಏನು ನಡೀತೈತಿ ಅಂತ ಮೊದಲು ಹೇಳಬೇಕು. ಝರಾಕ್ಸ್ ಅಂಗಡಿಗೆ ಹೋಗೂದು, ಅಂಗಡ್ಯಾಂವಗ ವಿಷಯ ಹೇಳೂದು, ಅಂವ ನೆಟ್ ತಗದು ಎರಡು ಪಾನ ಮ್ಯಾಟರ್ ನಾಕು ಕಲರ್ ಫೋಟೊ ಪ್ರಿಂಟ್ ಕೊಡ್ತಾನ, ಮನಿಗೆ ಬಂದು ಕತ್ತರಿಸಿ ಗಮ್ ಹಚ್ಚಿ ಸುತ್ತಲೂ ಸ್ಕೆಚ್ ಪೆನ್ನಿಂದ ಬಾರ್ಡರ್ ಹಾಕಿದ್ರ ಮುಗೀತು, ಹುಡುಗರಿಗೆ ಮಾರ್ಕ್ಸೂ ಬರ್ತಾವ. ಅಂಗಡ್ಯಾಂವಂದು ತಪ್ಪಿಲ್ಲ, ಸಾಲಿದೂ ಪೂರ್ತಿ ತಪ್ಪಿಲ್ಲ, ಅವ್ವ ಅಪ್ಪ ಇಬ್ಬರೂ ದುಡಿಯೋ ಮನಿಯೊಳಗ ಸಂಜೀಮುಂದ ಕುಂತು ಹುಡುಕಾಕ ಯಾರಿಗೆ ಟೈಮ್ ಐತಿ. ನಾನೂ ಎರಡು ವರ್ಷ ಹಿಂಗ ಮಾಡೀನಿ. ಆದ್ರ ಎರಡನೇತ್ತಾದಾಗ ಇದ್ದಾಗ ಆಕಿ ಅಂಟಿಸಿದ್ದ ನವಿಲಿನ ಪ್ರಾಜೆಕ್ಟ್‌ನ್ಯಾಗ ಒಂದು ಸಾಲೂ ಆಕಿಗೆ ಓದಾಕ ಬರ್ತಿದ್ದಿಲ್ಲ, ಅದು ನನಗ ಒಳಗ ಚುಚ್ಚತಾನ ಇತ್ತು. ಈ ಸಲ ಅಂಗಡಿಗೆ ಹೋಗೂದು ಬ್ಯಾಡ, ನೀನ ಹುಡುಕು, ನಾ ಬಾಜೂ ಕುಂದರ್ತೀನಿ ಅಂದೆ.

ಫೋನ್ ಕೊಟ್ಟೆ. ಟೈಪ್ ಮಾಡಾಕ ಬರಂಗಿಲ್ಲ, ಮೈಕ್ ಒತ್ತಿ ಹೇಳಿದ್ಲು, "ದೊಡ್ಡ ಹುಣಸಿ ಗಿಡ."

ಬಂದಿದ್ದೇನು? ಕುಂಡದಾಗ ಹುಣಸೆ ಗಿಡ ಬೆಳೆಸೂದು ಹೆಂಗ, ಹುಣಸೆ ಹಣ್ಣಿನ ಗೊಜ್ಜು ಮಾಡೂದು ಹೆಂಗ, ಹುಣಸಿಹಣ್ಣಿನ ರೇಟು, ಹುಣಸಿ ಗಿಡದಾಗ ದೆವ್ವ ಇರ್ತೈತೇನು ಅಂತ ಒಂದು ವಿಡಿಯೊ. ಆಕಿ ಪಟಪಟ ಮ್ಯಾಲೆ ತಳ್ಳಿ ತಳ್ಳಿ ನೋಡಿದ್ಲು, ಆಮ್ಯಾಲೆ ಫೋನ್ ನನ್ನ ಕಡೆ ಚಾಚಿ "ಮಮ್ಮಿ, ಆಯಿ ಊರಿನ ಗಿಡ ನೆಟ್‌ನ್ಯಾಗ ಇಲ್ಲ" ಅಂದ್ಲು. ಬ್ಯಾರೆ ಗಿಡ ಮಾಡ್ತೀನಿ ಬಿಡು ಅಂತ ಆಲದ ಮರಕ್ಕ ಹೊಂಟಿದ್ಲು.

ಆ ಮಾತು ನನಗ ಭಾಳ ಹೊತ್ತು ಹೋಗಲಿಲ್ಲ ತಲಿಯಿಂದ. ಇಷ್ಟು ದೊಡ್ಡ ಗಿಡ, ಕಣ್ಣಾರೆ ನೋಡಿದ ಗಿಡ, ಮೈಮುಟ್ಟಿ ಆಡಿದ ಗಿಡ, ಫೋನ್‌ನ್ಯಾಗ ಬರಲಿಲ್ಲ ಅಂದಕೂಡ್ಲೆ ಹುಡುಗಿ ಅದನ್ನ ಬಿಟ್ಟುಬಿಡಾಕ ತಯಾರಾದ್ಲು. ಮತ್ತ ಅದು ನೆಟ್‌ನ್ಯಾಗ ಇರಲಿಲ್ಲ ಅಂತಲ್ಲ, ಇತ್ತು, ಆಕಿ ಮಾತಿನ್ಯಾಗ ಇರಲಿಲ್ಲ ಅಷ್ಟ.

ನಮ್ಮ ಕಡೆ ಎಷ್ಟ ಎತ್ತರ ಇದ್ರೂ ಗಿಡ ಅಂತೀವಿ. ಬೇವಿನ ಗಿಡ, ಆಲದ ಗಿಡ, ಹುಣಸಿ ಗಿಡ. ಮರ ಅನ್ನೂದು ನಮಗ ಪುಸ್ತಕದ ಮಾತು. ಬೆಂಗಳೂರು ಕಡೆ ಗಿಡ ಅಂದ್ರ ಸಣ್ಣದು, ಕುಂಡದಾಗ ಇರೂದು, ಮತ್ತ ನೆಟ್‌ನ್ಯಾಗಿನ ಕನ್ನಡ ಬಹುಪಾಲು ಆ ಕಡೀದ ಕನ್ನಡ, ಅದಕ್ಕ ಗಿಡ ಅಂದಕೂಡ್ಲೆ ಕುಂಡ ಬಂತು. ಎರಡನೇದು, ಅದು ಹುಣಸಿ ಗಿಡಾನ ಅಲ್ಲ. ಹೆಸರಷ್ಟ ಹುಣಸಿ. ನಾನು ಹುಡುಕೋ ಜಾಗಾದಾಗ 'ಸವಣೂರು' ಅಂತ ಸೇರಿಸಿದೆ, ಗಿಡ ತಗದು ಮರ ಹಾಕಿದೆ, ಎರಡನೇ ರಿಸಲ್ಟ್‌ನ್ಯಾಗ ಫೋಟೊ ಬಂತು. ಆಕಿ ಕಣ್ಣು ಅರಳಿದ್ದು ನೋಡಬೇಕಿತ್ತು. ಅದರ ಕೆಳಗ ಒಂದು ಶಬ್ದ ಇತ್ತು, ಇಬ್ಬರೂ ಕೂಡಿ ಕೂಡಿಸಿ ಕೂಡಿಸಿ ಓದಿದ್ವಿ, ಬಾ-ವೋ-ಬಾಬ್.

ಆ ಒಂದು ಶಬ್ದ ಸಿಕ್ಕ ಮ್ಯಾಲೆ ಬಾಗಲ ತಗದಂಗಾತು. ಬಾವೋಬಾಬ್ ಅಂತ ಹಾಕಿದ್ರ ಆಫ್ರಿಕಾ ಬಂತು, ಆನಿಗಳು ಅದರ ತೊಗಟಿ ಹರಕೊಂಡು ತಿನ್ನೋ ವಿಡಿಯೊ ಬಂತು, ಒಣ ನೆಲದಾಗ ಅದು ಕಾಂಡದೊಳಗ ನೀರು ಹಿಡಕೊಂಡು ನಿಂದರ್ತೈತಿ ಅನ್ನೂದು ಬಂತು, ವೈಜ್ಞಾನಿಕ ಹೆಸರು ಅಡನ್ಸೋನಿಯ ಡಿಜಿಟೇಟ ಅಂತ ಬಂತು. ಅಡನ್ಸೋನಿಯ ಅನ್ನೂದು ಮಿಶೆಲ್ ಅಡನ್ಸನ್ ಅನ್ನೋ ಫ್ರೆಂಚ್ ಸಸ್ಯಶಾಸ್ತ್ರಜ್ಞನ ಹೆಸರಿಂದ ಬಂದಿದ್ದು, ಅವರು 18ನೇ ಶತಮಾನದಾಗ ಸೆನೆಗಲ್‌ದಾಗ ಇದನ್ನ ನೋಡಿ ಬರದ್ರು. ಡಿಜಿಟೇಟ ಅಂದ್ರ ಬೆರಳಿನಂಗ ಇರೂದು, ಎಲಿ ಕೈಬೆರಳು ಚಾಚಿದಂಗ ಇರ್ತಾವ. ಕಾಯೊಳಗಿನ ತಿರುಳು ಹುಳಿ. ಇದನ್ನ ಓದಿದಾಗ ಮಗಳು ತಾನ ಹೇಳಿದ್ಲು, "ಅದಕ್ಕ ಹುಣಸಿ ಅಂದಾರ ಮಮ್ಮಿ!" ನಾನು ಹೇಳಿಕೊಟ್ಟಿದ್ದಲ್ಲ, ಯಾವ ಪೇಜ್‌ನ್ಯಾಗೂ ಹಂಗ ಬರದಿದ್ದಿಲ್ಲ, ಆಕಿನ ಎರಡನ್ನೂ ಕೂಡಿಸಿದ್ಲು. ನನ್ನ ಮಟ್ಟಿಗೆ ಆ ಪ್ರಾಜೆಕ್ಟ್ ಅಲ್ಲೇ ಮುಗದಿತ್ತು.

ಅವತ್ತಿಂದ ನಾನು ಒಂದು ಮಾತು ಎಲ್ಲಾರ ಮುಂದೂ ಹೇಳಾಕತ್ತೀನಿ. ನಮ್ಮ ಹುಡುಗರಿಗೆ ಯಾವ ಆ್ಯಪ್ ಛಲೋ ಯಾವ ವೆಬ್‌ಸೈಟ್ ಛಲೋ ಅಂತ ಕೇಳೋಕಿಂತ ಮೊದಲು, ಹುಡುಗರ ಬಾಯಾಗಿನ ಶಬ್ದದಿಂದ ಆ ವೆಬ್‌ಸೈಟಿನ ಶಬ್ದದ ತನಕ ಹೋಗಾಕ ಯಾರು ಕೈಹಿಡಿಯವ್ರು ಅಂತ ಕೇಳ್ರಿ. ಮನ್ಯಾಗ ಶೇಂಗಾ, ನೆಟ್‌ನ್ಯಾಗ ಕಡಲೆಕಾಯಿ. ಮನ್ಯಾಗ ಗೋವಿನಜೋಳ, ಅಲ್ಲಿ ಮೆಕ್ಕೆಜೋಳ. ಉಳ್ಳಾಗಡ್ಡಿ ಈರುಳ್ಳಿ ಆಗಿರ್ತೈತಿ. ಹೊಲದಾಗ ಎರಿ, ಮಸಾರಿ ಅಂತಾರ ನಮ್ಮ ಮಾವನವರು, ಪಠ್ಯಪುಸ್ತಕದಾಗ ಕಪ್ಪು ಮಣ್ಣು, ಕೆಂಪು ಮಣ್ಣು. ಮಾವನವರಿಗೆ ಎರಿ ಹೊಲದ ಬಗ್ಗೆ ಗೊತ್ತಿದ್ದಷ್ಟು ಆ ಪಾಠ ಬರದವ್ರಿಗೆ ಗೊತ್ತಿರಲಿಕ್ಕಿಲ್ಲ, ಆದ್ರ ಹುಡುಗಿ 'ಕಪ್ಪು ಮಣ್ಣು' ಬಾಯಿಪಾಠ ಮಾಡಾಕತ್ತಾಗ ಬಾಜೂ ಕುಂತ ಅಜ್ಜಗ ಅದು ತನ್ನ ಹೊಲದ ಮಾತು ಅಂತ ತಿಳೀಲೇ ಇಲ್ಲ, ಸುಮ್ನ ಟಿವಿ ನೋಡಾಕತ್ತಿದ್ರು.

ಚಿಗರಿ ಕತಿ ಇನ್ನೂ ಬ್ಯಾರೆ. ನಮ್ಮ ಹುಬ್ಬಳ್ಳಿ-ಧಾರವಾಡ ಹುಡುಗರಿಗೆ ಚಿಗರಿ ಅಂದ್ರ ಬಸ್ಸು, ತಮ್ಮದ ಬ್ಯಾರೆ ದಾರಿಯೊಳಗ ಓಡೋ ಬಿಆರ್‌ಟಿಎಸ್ ಬಸ್ಸಿಗೆ ಆ ಹೆಸರು ಇಟ್ಟಾರಲ್ಲ. ಹುಡುಕಿದ್ರೂ ಬಸ್ಸಾ ಬರ್ತಾವ. ಚಿಗರಿ ಅನ್ನೂದು ಒಂದು ಪ್ರಾಣಿ, ರಾಣೆಬೆನ್ನೂರ ಹತ್ರ 119 ಚದರ ಕಿಲೋಮೀಟರ್ ಅಭಯಾರಣ್ಯ 1974ರಾಗ ಅದಕ್ಕಂತಲೇ ಮಾಡ್ಯಾರ ಅಂದ್ರ ಮಗಳು ನಂಬಲಿಲ್ಲ. ಕೃಷ್ಣಮೃಗ ಅಂತ ಹಾಕು ಅಂದೆ. ಸುರುಳಿ ಕೊಂಬಿನ ಕರೇ ಗಂಡು, ಕೊಂಬಿಲ್ಲದ ಕಂದು ಬಣ್ಣದ ಹೆಣ್ಣು, ಎಲ್ಲಾ ಬಂತು. ಜಿಂಕಿ ಹಂಗ ವರ್ಷಾ ವರ್ಷಾ ಕೊಂಬು ಉದುರಂಗಿಲ್ಲ ಇದಕ್ಕ ಅನ್ನೂದೂ ಬಂತು. ಈಗ ಬಸ್ ಬಂದಾಗೆಲ್ಲಾ "ಇದಕ್ಕ ಕೊಂಬು ಉದುರಂಗಿಲ್ಲ" ಅಂತ ಬಾಜೂ ಕುಂತವ್ರಿಗೆ ಹೇಳ್ತಾಳ.

ಇನ್ನ ಓದಿನ ಮಾತು. ಶಬ್ದ ಸಿಕ್ಕಿತು, ಪೇಜು ತಗದ್ವಿ, ಆದ್ರ ಓದಾಕ ಹೋದ್ರ ಹುಡುಗಿ ಎರಡನೇ ಸಾಲಿಗೆ ನಿಂತುಬಿಟ್ಲು. ಕನ್ನಡ ವಿಕಿಪೀಡಿಯ 2003ರಿಂದ ಐತಿ, ದುಡ್ಡು ತಗೊಳ್ಳದ ಬರಿಯೋರು ಕೂಡಿ ಕಟ್ಟಿದ್ದು, ಅದರ ಬಗ್ಗೆ ನನಗ ಭಾಳ ಗೌರವ ಐತಿ, ಆದ್ರ ಅದು ದೊಡ್ಡವ್ರಿಗೆ ಬರದಿದ್ದು. ಪರ್ಣಪಾತಿ, ಸಂಯುಕ್ತ ಪತ್ರ, ಪರಾಗಸ್ಪರ್ಶ, ಒಂಬತ್ತು ವರ್ಷದ ಹುಡುಗಿ ಹೆಂಗ ದಾಟಬೇಕು ಇವನ್ನ? ಮೂರನೇತ್ತಾ ತನಕ ಈ ಹುಡುಗರು ನಲಿಕಲಿ ಕಾರ್ಡಿನ್ಯಾಗ ಕಲ್ತಿರ್ತಾರ. 1995ರಾಗ ಹೆಗ್ಗಡದೇವನಕೋಟೆಯೊಳಗ ಸುರುವಾಗಿ ರಾಜ್ಯಕ್ಕೆಲ್ಲಾ ಹಬ್ಬಿದ ಪದ್ಧತಿ ಅದು, ಮೆಟ್ಟಲಾ ಮೆಟ್ಟಲಾ ಏರೂದು, ಹುಡುಗರು ಖುಷಿಯಿಂದ ಕಲೀತಾವ. ನಾಕನೇತ್ತಾಕ್ಕ ಬಂದಕೂಡ್ಲೆ ಉದ್ದುದ್ದ ಪಾಠ, ಉದ್ದುದ್ದ ಪ್ಯಾರಾ. ಆ ಒಂದು ವರ್ಷದಾಗ ಎಷ್ಟೋ ಹುಡುಗರು ಓದೂದು ಬಿಟ್ಟು ಬಾಯಿಪಾಠಕ್ಕ ಬೀಳ್ತಾರ, ನಮ್ಮಕ್ಕನ ಮಗ ಹಂಗ ಆದಂವ. ಅಂವ 2020ರಾಗ ಎರಡನೇತ್ತಾ ಇದ್ದ, ಸಾಲಿ ಬಂದ್, ಮನ್ಯಾಗ ಒಂದ ಫೋನು, ಅದೂ ಅವರಪ್ಪನ ಜೋಡಿ ಕೆಲಸಕ್ಕ ಹೋಗ್ತಿತ್ತು. ವಿದ್ಯಾಗಮ ಅಂತ ಮಾಸ್ತರ್ರು ಓಣಿಗೆ ಬಂದು ಗುಡಿ ಕಟ್ಟಿ ಮ್ಯಾಲೆ ಕುಂದರಿಸಿಕೊಂಡು ಕಲಿಸಿದ್ರು ಸ್ವಲ್ಪ ದಿವಸ, ಅದೂ ನಿಂತಿತು, ಆಮ್ಯಾಲೆ ಚಂದನ ಟಿವಿಯೊಳಗ ಸಂವೇದ ಪಾಠ. ಈಗ ಅಂವ ಆರನೇತ್ತಾ. ಅಕ್ಷರ ಎಲ್ಲಾ ಬರ್ತಾವ, ಒಂದು ಪಾನ ಕೊಟ್ರ ಗಡಗಡ ಓದ್ತಾನ, ಏನು ಓದಿದಿ ಅಂದ್ರ ಮಾರಿ ನೋಡ್ತಾನ. ಅಂಥಾ ಹುಡುಗನ ಕೈಯಾಗ ಲೋಕದ ಎಲ್ಲಾ ಮಾಹಿತಿ ಇರೋ ಫೋನ್ ಕೊಟ್ರೂ ಅಂವ ವಿಡಿಯೊಕ್ಕ ಹೋಗ್ತಾನ. ಹೋಗದ ಮತ್ತೇನು ಮಾಡ್ಯಾನು, ಓದು ಅನ್ನೂದು ಅವಗ ಕಲ್ಲಿನ ದಾರಿ ಆಗೇತಿ.

ಅದಕ್ಕ ನಾನು ಮೊದಲು ಸ್ಟೋರಿವೀವರ್ ತಗದಿದ್ದು. ಪ್ರಥಮ್ ಬುಕ್ಸ್ ಅನ್ನೋ ಮಕ್ಕಳ ಪುಸ್ತಕದ ಸಂಸ್ಥೆ 2015ರಾಗ ಸುರು ಮಾಡಿದ್ದು, ಕನ್ನಡದಾಗ ಬೇಕಾದಷ್ಟು ಕತಿ ಅದಾವ, ಒಂದು ಪೈಸಾ ಇಲ್ಲ, ಜಾಹೀರಾತೂ ಇಲ್ಲ. ಅದರಾಗ ನನಗ ಮೆಚ್ಚಿಗಿ ಆಗಿದ್ದು ಹಂತ. ಒಂದನೇ ಹಂತದ ಪುಸ್ತಕ ಅಂದ್ರ 250 ಶಬ್ದದೊಳಗ, ಪಾನಕ್ಕ ಒಂದೋ ಎರಡೋ ಸಾಲು, ದೊಡ್ಡ ಚಿತ್ರ, ಅದ ಶಬ್ದ ತಿರುಗಿ ತಿರುಗಿ ಬರ್ತೈತಿ. ಎರಡನೇದು ಸ್ವಲ್ಪ ಉದ್ದ. ಹಿಂಗ ನಾಕನೇ ಹಂತಕ್ಕ ಬರೂದ್ರಾಗ 1500 ಶಬ್ದ ದಾಟ್ತೈತಿ. ಆರನೇತ್ತಾ ಹುಡುಗಗ ಒಂದನೇ ಹಂತ ಕೊಟ್ರ ಅವಮಾನ ಅನ್ನಿಸ್ತೈತಿ ಅಂತ ನನಗ ಅಂಜಿಕಿ ಇತ್ತು, ಅದಕ್ಕ ಅವಗ "ತಂಗಿಗೆ ಓದಿ ಹೇಳಪ್ಪಾ" ಅಂತ ಕೊಟ್ಟೆ. ತಂಗಿಗೆ ಓದಿ ಹೇಳ್ತಾ ಹೇಳ್ತಾ ಅಂವನೂ ಓದಿದ. ಮೂರು ವಾರದಾಗ ಇಬ್ಬರೂ ಎರಡನೇ ಹಂತದಾಗ ಇದ್ರು. ಕೆಲವು ಪುಸ್ತಕಕ್ಕ ಧ್ವನಿನೂ ಐತಿ, ಓದಿದಂಗ ಶಬ್ದಕ್ಕ ಬಣ್ಣ ಬರ್ತೈತಿ. ಪಿಡಿಎಫ್ ಇಳಿಸ್ಕೋಬೌದು, ನೆಟ್ ಇಲ್ಲದ ಊರಿಗೆ ಹೋಗೋ ಮುಂದ ನಾನು ಹತ್ತು ಹನ್ನೆರಡು ಇಳಿಸ್ಕೊಂಡು ಹೋಗ್ತೀನಿ, ಮತ್ತ ಆ ಝರಾಕ್ಸ್ ಅಂಗಡ್ಯಾಂವನ ಕಡೆನ ಪ್ರಿಂಟ್ ತಗಸಿ ನಡುವ ಸ್ಟೇಪ್ಲರ್ ಹೊಡದು ಪುಸ್ತಕ ಮಾಡೀನಿ, ಅದನ್ನ ಹಂಚಿದ್ರೂ ತಪ್ಪಿಲ್ಲ, ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ ಅಂತ, ಯಾರ ಬೇಕಾದ್ರೂ ಹಂಚಬೌದು, ಅನುವಾದಾನೂ ಮಾಡಬೌದು, ಬರದವ್ರ ಹೆಸರು ಹಾಕಿದ್ರ ಸಾಕು.

ಪಠ್ಯಪುಸ್ತಕದ ಪಾಠದಾಗ ಚೌಕ ಚೌಕ ಕ್ಯೂಆರ್ ಕೋಡ್ ಇರ್ತಾವಲ್ಲ, ಭಾಳ ಪಾಲಕರು ಅದನ್ನ ರೊಕ್ಕಾ ಕಳಿಸೋ ಕೋಡ್ ಇದ್ದಂಗ ಐತಿ ಅಂತ ನೋಡಿ ಬಿಟ್ಟಿರ್ತಾರ. ಸರ್ಕಾರದ ದೀಕ್ಷಾ ಆ್ಯಪ್‌ನಿಂದ ಅದನ್ನ ಸ್ಕ್ಯಾನ್ ಮಾಡಿದ್ರ ಆ ಪಾಠದ ವಿಡಿಯೊ, ಪ್ರಶ್ನಿ ಬರ್ತಾವ. ಪಾಠ ತಿಳೀದಿದ್ದಾಗ ಛಲೋ. ಆದ್ರ ಅದು ಪಾಠದ ಒಳಗಿಂದ ಹೊರಗ ಹೋಗಂಗಿಲ್ಲ, ಸವಣೂರ ಗಿಡ ಅಲ್ಲಿ ಸಿಗಂಗಿಲ್ಲ.

ಡಿಕ್ಷನರಿ ಬೇಕ ಬೇಕು. ಅಲರ್ ಅಂತ ಒಂದು ಐತಿ, ವಿ. ಕೃಷ್ಣ ಅನ್ನೋರು ವರ್ಷಗಟ್ಲೆ ಕುಂತು ಒಬ್ಬರ ಕಟ್ಟಿದ ಕನ್ನಡ-ಇಂಗ್ಲಿಷ್ ನಿಘಂಟು, ಒಂದೂವರಿ ಲಕ್ಷ ಶಬ್ದ, ನೆಟ್‌ನ್ಯಾಗ ಪುಕ್ಕಟೆ. ಸರ್ಕಾರದ್ದು ಪದಕಣಜ ಐತಿ, ಅದರಾಗ ಬ್ಯಾರೆ ಬ್ಯಾರೆ ನಿಘಂಟು ಒಂದ ಕಡೆ ಹುಡುಕಬೌದು. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಭಾರತವಾಣಿಯೊಳಗೂ ನಿಘಂಟು ಅದಾವ. ನಾನು ಮಗಳಿಗೆ ಇನ್ನೊಂದು ಹೇಳಿಕೊಟ್ಟೆ, ಅದು ಎಲ್ಲಾದಕ್ಕಿಂತ ಹೆಚ್ಚು ಉಪಯೋಗಕ್ಕ ಬಂತು. ವಿಕಿಪೀಡಿಯದ ಪ್ರತಿ ಪೇಜ್‌ನ್ಯಾಗೂ ಭಾಷಾ ಬದಲಿ ಮಾಡೋ ಬಟನ್ ಇರ್ತೈತಿ. ಆ ವಿಷಯಕ್ಕ ಎರಡೂ ಭಾಷಾದಾಗ ಪೇಜ್ ಇದ್ರ, ಇಂಗ್ಲಿಷ್ ಪೇಜ್ ತಗದು ಕನ್ನಡ ಒತ್ತಿದ್ರ ಅದ ವಸ್ತುವಿನ ಕನ್ನಡ ಹೆಸರು ಸಿಗ್ತೈತಿ, ಕನ್ನಡದಿಂದ ಇಂಗ್ಲಿಷ್ ಒತ್ತಿದ್ರ ಇಂಗ್ಲಿಷ್ ಹೆಸರು. ಆಕಿ ಅದನ್ನ ಆಟದಂಗ ಆಡ್ತಾಳ ಈಗ.

ಹಳೇ ಕನ್ನಡ ಪುಸ್ತಕ ಇಂಟರ್ನೆಟ್ ಆರ್ಕೈವ್‌ನ್ಯಾಗ ಸಾವಿರಗಟ್ಲೆ ಅದಾವ. ಅವು ಬಹಳಷ್ಟು ಪಾನದ ಫೋಟೊ, ಒಳಗಿನ ಶಬ್ದ ಹುಡುಕಿದ್ರ ಎಷ್ಟೋ ಸಲ ಸಿಗೂದಿಲ್ಲ. ಅದಕ್ಕಿಂತ ಕಷ್ಟ ಅಂದ್ರ ಯೂನಿಕೋಡ್, ಅಂದ್ರ ಎಲ್ಲಾ ಫೋನು ಕಂಪ್ಯೂಟರಿಗೂ ತಿಳಿಯೋ ಅಕ್ಷರದ ಪದ್ಧತಿ, ಬರೋಕಿಂತ ಮೊದಲಿನ ಫಾಂಟ್‌ನ್ಯಾಗ ಟೈಪ್ ಮಾಡಿದ ಫೈಲುಗಳು, ಕಣ್ಣಿಗೆ ಕನ್ನಡ ಕಾಣ್ತೈತಿ, ಕಾಪಿ ಮಾಡಿ ಹಾಕಿದ್ರ ಇಂಗ್ಲಿಷ್ ಅಕ್ಷರ ಕಲಸಿದಂಗ ಬರ್ತೈತಿ. ಎಷ್ಟೋ ಛಲೋ ಲೇಖನ ಹಂಗ ಹೂತು ಹೋಗ್ಯಾವ, ಹುಡುಕೋ ಹುಡುಗರಿಗೆ ಅವು ಇದ್ದೂ ಇಲ್ಲ. ಇದನ್ನ ಸರಿಮಾಡೂದು ಒಬ್ಬರ ಕೈಯಾಗಿನ ಕೆಲಸ ಅಲ್ಲ, ಆದ್ರ ಯಾರಾದ್ರೂ ಮಾಸ್ತರ್ರು ಇದನ್ನ ಓದಾಕತ್ತಿದ್ರ ಕೈಮುಗದು ಕೇಳ್ಕೋತೀನಿ, ನಿಮ್ಮ ಹಳೇ ನೋಟ್ಸು ಯೂನಿಕೋಡಿಗೆ ಬದಲಿ ಮಾಡಿ ಹಾಕ್ರಿ.

ಎರಡು ದಿವಸದಾಗ ಪ್ರಾಜೆಕ್ಟ್ ಕೊಟ್ವಿ. ಒಂದ ಫೋಟೊ, ಮಿಕ್ಕಿದ್ದೆಲ್ಲಾ ಆಕಿ ಕೈಯಾಗಿನ ಅಕ್ಷರ, ಒಂದೂವರಿ ಪಾನ. ಸಾಲಿ ಅಕ್ಕೋರು ಓದಿ ಕೆಳಗ ಒಂದು ಸಾಲು ಬರದು ಕೊಟ್ಟಿದ್ರು, 'ನೀನು ನೋಡಿದ್ದು ಯಾವುದು, ಓದಿದ್ದು ಯಾವುದು?' ಅಂತ. ಮಾರ್ಕ್ಸಿಗಿಂತ ಆ ಪ್ರಶ್ನಿ ನನಗ ಭಾಳ ದೊಡ್ಡದು ಅನ್ನಿಸ್ತು. ಮುಂದಿನ ಐತವಾರ ಶಿಗ್ಗಾಂವಿ ಮ್ಯಾಲಿಂದ ಬಸ್ ಹಿಡದು ಸವಣೂರಿಗೆ ಹೋದ್ವಿ, ಅಕ್ಕನ ಮಗನೂ ಬಂದ.

ಮೂರರಾಗ ಒಂದು ಗಿಡ 2023ರ ಮಳಿಗಾಲದಾಗ ಬಿದ್ದಿತ್ತು, ಅದನ್ನ ಎತ್ತಿ ನಿಲ್ಲಿಸಿ ಮತ್ತ ನೆಟ್ರು, ಊರಾಗ ಅವತ್ತು ಮಂದಿ ಮನ್ಯಾಗ ಯಾರೋ ಹಿರಿಯರು ಬಿದ್ದಂಗ ಮರುಗಿದ್ರು ಅಂತ ನಮ್ಮವ್ವ ಹೇಳಿದ್ಲು. ಹುಡುಗರು ಹಗ್ಗ ತಂದಿದ್ರು, ಆದ್ರ ಮೊದಲು ಕೈ ಕೈ ಹಿಡ್ಕೊಂಡು ನೋಡಾಕ ಹೋದ್ರು. ಓಣಿ ಹುಡುಗರು ನಾಕು ಮಂದಿ ಬಂದು ಕೂಡಿದ್ರೂ ಸುತ್ತು ಮುಟ್ಟಲಿಲ್ಲ. ಕೆಳಗ ಬಿದ್ದ ಎಲಿ ಎತ್ತಿ ಬೆರಳು ಎಣಿಸಿದ್ರು, ಕೆಲವಕ್ಕ ಐದು, ಕೆಲವಕ್ಕ ಆರು, ಏಳು. ಒಂದು ಹೂ ಬಿದ್ದಿತ್ತು, ಬಿಳೀದು ಇದ್ದಿದ್ದು ಕಂದು ಬಣ್ಣಕ್ಕ ತಿರುಗಿತ್ತು. ಇದರ ಹೂ ರಾತ್ರಿ ಅರಳ್ತೈತಿ, ಮರುದಿವಸ ಬಾಡ್ತೈತಿ, ಆಫ್ರಿಕಾದಾಗ ಹಣ್ಣು ತಿನ್ನೋ ಬಾವಲಿಗಳು ಬಂದು ಪರಾಗ ಒಯ್ತಾವ ಅಂತ ಓದಿದ್ವಿ. ಮಗಳು ಆ ಹೂ ಮೂಸಿ ಮಾರಿ ಕಿವುಚಿದ್ಲು. ವಾಸನಿ ಯಾವ ಪೇಜ್‌ನ್ಯಾಗೂ ಬಂದಿದ್ದಿಲ್ಲಲ್ಲ.

ವಯಸ್ಸಿನ ಮಾತಿಗೆ ಬಂದ್ರ ಜಗಳಾನ ಆತು. ನೆಟ್‌ನ್ಯಾಗ ಒಂದೊಂದು ಕಡೆ ಒಂದೊಂದು ವಯಸ್ಸು, ಊರಾಗ ಕೇಳಿದ್ರ ಕೃಷ್ಣ ಪರಮಾತ್ಮ ತಂದು ನೆಟ್ಟಾನ ಅಂತಾರ. ಅಕ್ಕನ ಮಗ ಬಸ್ಸಿನ್ಯಾಗ ಒಂದು ಎಐ ಆ್ಯಪಿಗೆ ಕೇಳಿದ್ದ, ಅದು ಚಂದ ಕನ್ನಡದಾಗ, ಒಂದೂ ತಡವರಿಸದ, ಗಿಡ ಬ್ಯಾರೆ ಜಿಲ್ಲಾದಾಗ ಐತಿ ಅಂತ ಹೇಳಿತ್ತು. ಅಂವ ಗಿಡದ ಬುಡಕ್ಕ ನಿಂತು ಆ ಉತ್ತರ ಮತ್ತೊಮ್ಮೆ ಓದಿದ. ಆಮ್ಯಾಲೆ ಫೋನ್ ಕಿಸೆದಾಗ ಇಟ್ಟ, ಏನೂ ಅನ್ನಲಿಲ್ಲ. ನಾನು ನೂರು ಸಲ ಹೇಳಿದ್ರೂ ಆಗದ ಪಾಠ ಅದು.

ವಯಸ್ಸು ಹೆಂಗ ಗೊತ್ತು ಮಾಡ್ತಾರ ಅಂತ ಹುಡುಕಿದ್ವಿ. ಬ್ಯಾರೆ ಗಿಡಕ್ಕ ಕಾಂಡದ ಉಂಗುರ ಎಣಿಸ್ತಾರ, ಬಾವೋಬಾಬಿಗೆ ಅದು ನಡೆಯಂಗಿಲ್ಲ, ವಯಸ್ಸಾದಂಗ ಕಾಂಡ ಒಳಗ ಟೊಳ್ಳಾಗ್ತೈತಿ, ಎಷ್ಟೋ ಸಲ ಹಲವು ಕಾಂಡ ಕೂಡಿ ಒಂದ ಆದಂಗ ಬೆಳದಿರ್ತಾವ, ಅದಕ್ಕ ಕಾರ್ಬನ್ ಪರೀಕ್ಷೆ ಮಾಡಬೇಕು. ಮಗಳು ತನ್ನ ಪಟ್ಟಿಯೊಳಗ ವಯಸ್ಸಿನ ಮುಂದ 'ಭಾಳ' ಅಂತ ಬರ್ಕೊಂಡ್ಲು.

"ಆಫ್ರಿಕಾದಿಂದ ಯಾರು ತಂದ್ರು ಮಮ್ಮಿ?" ಇದಕ್ಕ ನನಗ ರಾತ್ರಿ ಕುಂತು ಹುಡುಕಬೇಕಾತು, ಇಂಗ್ಲಿಷ್‌ನ್ಯಾಗ ಸಿಕ್ಕಿತು. 2015ರಾಗ ವಿಜ್ಞಾನಿಗಳು ಭಾರತದ ಬಾವೋಬಾಬುಗಳ ವಂಶವಾಹಿ ಪರೀಕ್ಷೆ ಮಾಡಿ ಆಫ್ರಿಕಾದವುಗಳ ಜೋಡಿ ಹೋಲಿಸಿ ನೋಡ್ಯಾರ, ಇವು ಒಂದ ಸಲ ಬಂದವಲ್ಲ, ಬ್ಯಾರೆ ಬ್ಯಾರೆ ಕಾಲಕ್ಕ ಬ್ಯಾರೆ ಬ್ಯಾರೆ ಕಡೆಯಿಂದ ಬಂದಾವ, ಸಮುದ್ರದ ಮ್ಯಾಲಿನ ಮಂದಿ ಓಡಾಟ, ವ್ಯಾಪಾರದ ಜೋಡಿ ಬಂದಾವ ಅನ್ನೂದು ಅದರ ತಾತ್ಪರ್ಯ. ಇದನ್ನ ಒಂಬತ್ತು ವರ್ಷದಾಕಿಗೆ ಕನ್ನಡದಾಗ ಹೇಳೋ ಒಂದು ಪೇಜೂ ನನಗ ಸಿಗಲಿಲ್ಲ. ನಾನ ಹೇಳಿದೆ, ನಮ್ಮವ್ವನೂ ಕೇಳಾಕ ಕುಂತಿದ್ಲು. ಮಗಳು ಸ್ವಲ್ಪ ಹೊತ್ತು ಸುಮ್ನಿದ್ದು, "ಯಲ್ಲಾಪುರ ಕಡೆ ಸಿದ್ದಿ ಜನ ಅದಾರಲ್ಲ, ಅವರ ಹಿರಿಯರೂ ಆಫ್ರಿಕಾದಿಂದ ಬಂದೋರು ಅಂತ ಅಕ್ಕೋರು ಹೇಳಿದ್ರು" ಅಂದ್ಲು. ನಮ್ಮವ್ವ "ಯವ್ವಾ, ಗಿಡಾನೂ ಮಂದಿನೂ ಅಷ್ಟು ದೂರದಿಂದ ಬಂದು ಇಲ್ಲೇ ಬೇರು ಬಿಟ್ಟಾವ ನೋಡ" ಅಂತ ಮಮ್ಮಗಳ ತಲಿ ಸವರಿದ್ಲು. ಕೃಷ್ಣನ ಕತಿನೂ ಬಿಡಲಿಲ್ಲ ಆಕಿ, ಅದನ್ನೂ ಹೇಳಿದ್ಲು, ಮಗಳು ಎರಡನ್ನೂ ಬರ್ಕೊಂಡ್ಲು, ಒಂದರ ಮುಂದ 'ಆಯಿ ಹೇಳಿದ್ದು', ಇನ್ನೊಂದರ ಮುಂದ 'ಓದಿದ್ದು'.

ಇದೆಲ್ಲಾ ಬಾಜೂ ಕುಂದ್ರೋ ಯಾರಾದ್ರೂ ಇದ್ದಾಗ ಆಗೂ ಕೆಲಸ ಅಂತ ನನಗ ಗೊತ್ತೈತಿ. ಎಲ್ಲಾರ ಮನ್ಯಾಗ ಇರಂಗಿಲ್ಲ. ಅದಕ್ಕ ನನಗ ಹಳ್ಳಿ ಗ್ರಂಥಾಲಯದ ಮ್ಯಾಲೆ ಭಾಳ ಆಸೆ. 2020ರ ನವೆಂಬರ್‌ದಾಗ ಓದುವ ಬೆಳಕು ಅಂತ ಸುರುವಾದಾಗ ಗ್ರಾಮ ಪಂಚಾಯ್ತಿ ಗ್ರಂಥಾಲಯದಾಗ ಮಕ್ಕಳಿಗೆ ಪುಕ್ಕಟೆ ಮೆಂಬರ್‌ಶಿಪ್ ಮಾಡಿದ್ರು, ಈಗ ಅವಕ್ಕ ಅರಿವು ಕೇಂದ್ರ ಅಂತಾರ, ಎಷ್ಟೋ ಕಡೆ ಕಂಪ್ಯೂಟರ್ರೂ ಬಂದಾವ. ಗದಗ ಜಿಲ್ಲಾದಾಗ ಶಿರಹಟ್ಟಿ ಕಡೆ ನಮ್ಮ ಕಾಕಾನ ಮನಿ, ದೀಪಾವಳಿ ಆದ ಮ್ಯಾಲೆ ಹೋಗಿದ್ವಿ. ಅಲ್ಲಿಂದ ಮಾಗಡಿ ಕೆರಿ ಹತ್ರ. ಜಗತ್ತಿನ ಮಹತ್ವದ ಕೆರಿ, ಜೌಗು ನೆಲದ ರಾಮ್ಸಾರ್ ಪಟ್ಟಿಗೆ 2024ರಾಗ ಸೇರಿದ ಕೆರಿ ಅದು, ಚಳಿಗಾಲಕ್ಕ ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬಾತುಗಳು ಬರ್ತಾವ, ಹಗಲೆಲ್ಲಾ ನೀರಾಗ ಇದ್ದು ಹೊಲಕ್ಕ ಮೇಯಾಕ ಹೋಗ್ತಾವ. ಕಾಕಾನ ಮೊಮ್ಮಕ್ಕಳು ಹುಟ್ಟಿದಾಗಿಂದ ನೋಡ್ಯಾರ, ಹೆಸರು ಕೇಳಿದ್ರ "ಕೆರಿ ಹಕ್ಕಿ" ಅಷ್ಟ. ನನ್ನ ಫೋನ್‌ನ್ಯಾಗ ಮರ್ಲಿನ್ ಅಂತ ಹಕ್ಕಿ ಗುರುತು ಹಿಡಿಯೋ ಆ್ಯಪ್ ಐತಿ, ಅಮೆರಿಕಾದ ಕಾರ್ನೆಲ್ ವಿಶ್ವವಿದ್ಯಾಲಯದವ್ರು ಮಾಡಿದ್ದು, ಪುಕ್ಕಟೆ. ಫೋಟೊ ಹಾಕಿದ್ರ ಇಂಗ್ಲಿಷ್ ಹೆಸರು ಬಂತು, ಬಾರ್ ಹೆಡೆಡ್ ಗೂಸ್. ಮಗಳು ತಾನ ವಿಕಿಪೀಡಿಯ ತಗದು, ಹುಡುಕಿ, ಅಲ್ಲಿಂದ ಇಲ್ಲಿಂದ ನೋಡಿ ಪಟ್ಟೆತಲೆ ಹೆಬ್ಬಾತು ಅಂತ ಜೋರಾಗಿ ಓದಿದ್ಲು. ತಲಿ ಮ್ಯಾಲೆ ಎರಡು ಕರೇ ಪಟ್ಟಿ ಇರೂದಕ್ಕ ಆ ಹೆಸರು. ಐದೂ ಹುಡುಗರು ದಂಡಿ ಮ್ಯಾಲೆ ನಿಂತು ಪಟ್ಟಿ ಎಣಿಸ್ಯಾರ, ಅವತ್ತಿನ ತನಕ ಅವರು ಆ ಪಟ್ಟಿನ ನೋಡಿದ್ದಿಲ್ಲಂತ.

ಈಗ ಮನ್ಯಾಗ ಒಂದು ಇನ್ನೂರು ಪೇಜಿನ ನೋಟ್‌ಬುಕ್ ಐತಿ. ಮೂರು ಗೆರಿ ಹಾಕಿ ನಾಕು ಭಾಗ ಮಾಡ್ಯಾಳ. ಮೊದಲನೇದರಾಗ ಆಯಿ ಮಾತು, ಆಮ್ಯಾಲೆ ಪುಸ್ತಕದ ಮಾತು, ಇಂಗ್ಲಿಷು, ಕಡೀಕ 'ಎಲ್ಲಿ ನೋಡಿದೆ'. ಎಂಬತ್ತು ತೊಂಬತ್ತು ಶಬ್ದ ಆಗ್ಯಾವ. ಕೂರಗಿ, ಕುಂಟಿ, ಹಗೇವು, ಬಳ್ಳೊಳ್ಳಿ, ಪುಟಾಣಿ, ಎಲ್ಲಾ ಅದಾವ. ಕೆಲವಕ್ಕ ಎರಡನೇ ಮನಿ ಖಾಲಿ, ಕೆಲವಕ್ಕ ಮೂರನೇದು ಖಾಲಿ. ಹಗೇವು ಅಂದ್ರ ಕಾಳು ತುಂಬಿಡೋ ನೆಲದಾಗಿನ ಕುಣಿ, ಅದರ ಮುಂದ 'ಎಲ್ಲಿ ನೋಡಿದೆ' ಖಾಲಿ ಐತಿ, ಮಾವನವರ ಊರಾಗ ಇನ್ನೂ ಒಂದು ಉಳದೈತೇನು ಅಂತ ಕೇಳಬೇಕು. ಮಾವನವ್ರು ಈಗ ಟಿವಿ ಆರಿಸಿ ಬರ್ತಾರ, ಆ ಪಟ್ಟಿ ತಗದಾಗ.

ಮತ್ತ ಸ್ಟೋರಿವೀವರ್‌ನ್ಯಾಗ ನಾವೂ ಕತಿ ಬರಿಯಬೌದು, ಅಲ್ಲೇ ಇರೋ ಚಿತ್ರ ತಗೊಂಡು. ಮಗಳಿಗೆ ಅದು ಗೊತ್ತಾದಾಗಿಂದ ಒಂದ ಹಟ, ದೊಡ್ಡ ಹುಣಸಿ ಗಿಡದ ಕತಿ ಬರೀತೀನಿ, ಸವಣೂರಿನ ಹುಡುಗರು ಯಾರಾದ್ರೂ ಹುಡುಕಿದ್ರ ಸಿಗಬೇಕು ಅಂತ. ಹೆಸರಿನ ಮ್ಯಾಲೆ ನಮ್ಮಿಬ್ಬರದೂ ಜಗಳ ಆತು. ನಾನು 'ದೊಡ್ಡ ಹುಣಸೆ ಮರ' ಅಂತ ಇಡು, ಎಲ್ಲಾ ಕಡೀ ಮಂದಿಗೂ ತಿಳೀತೈತಿ ಅಂದೆ. ಆಕಿ ಒಪ್ಪಲಿಲ್ಲ, "ಮಮ್ಮಿ, ನಾ ಹುಡುಕಿದಾಗ ಹಂಗ ಹುಡುಕಿದ್ನೇನು?" ಅಂದ್ಲು. ಗಿಡ ಅಂತನ ಇಟ್ಟೀವಿ, ಒಳಗ ಒಂದು ಕಡೆ ಮರ ಅಂತಾನೂ ಬರ್ತೈತಿ, ಬಾವೋಬಾಬ್ ಅಂತಾನೂ ಬರ್ತೈತಿ, ಯಾವ ಶಬ್ದದಿಂದ ಬಂದ್ರೂ ಬಾಗಲ ತೆರೀಬೇಕಲ್ಲ.

ಒಂಬತ್ತು ಪಾನ ಆಗ್ಯಾವ. ಮೊನ್ನೆ ಏಳನೇ ಪಾನಕ್ಕ ನಿಂತಿದ್ಲು, ರಾತ್ರಿ ಹೂ ಅರಳೂದು, ಬಾವಲಿ ಬರೂದು. ಬಾವಲಿ ಅಂತ ಬರದು, ಹೊಡದು ಹಾಕಿ, ಮತ್ತ ಬರದು, ನನ್ನ ಫೋನ್ ಇಸ್ಕೊಂಡು ಸವಣೂರಿಗೆ ಹಚ್ಚಿದ್ಲು.

"ಆಯಿ, ರಾತ್ರಿ ಹಾರ್ತೈತಲ್ಲ, ಗಿಡಕ್ಕ ತಲಿಕೆಳಗಾಗಿ ಜೋತು ಬೀಳ್ತೈತಲ್ಲ, ಅದಕ್ಕ ನೀ ಏನಂತೀ?"

ನಮ್ಮವ್ವ ಆ ಕಡೆಯಿಂದ ಜೋರಾಗಿ, ಓಣಿಗೆಲ್ಲಾ ಕೇಳಂಗ ಹೇಳಿದ್ಲು, "ಕಣ್ಣಕಪ್ಪಡಿ!"

ಮಗಳು ಫೋನ್ ಕಿವಿಯೊಳಗ ಇಟ್ಕೊಂಡ ಒಂದೊಂದ ಅಕ್ಷರ ಬರ್ಕೊಂಡ್ಲು.